ಹೆಸರೂ ಮತವೂ

ನಿಯಮವು ನ್ಯಾಯವಾದುದೇ ಆಗಿದ್ದು, ಅದರ ಪೆಟ್ಟು ಮಾತ್ರ ನಿರಪರಾಧಿಗಳ ಮೇಲೆ ಬಿದ್ದರೆ, ನಿಯಮವನ್ನು ನಡೆಸಿದವನು ಧರ್ಮವನ್ನು ನಡೆಸಿದಂತಾಯಿತೇ? ಸ್ವತಂತ್ರ ಭಾರತದ ಮೊದಲನೆಯ ಮಹಾಚುನಾವಣೆಯಲ್ಲಿ ಈ ಪ್ರಶ್ನೆಯು ಗ್ರಂಥಗಳಿಂದಿಳಿದು ಮನೆಗಳ ಹೊಸ್ತಿಲಿಗೇ ಬಂದು ನಿಂತಿತು.

1950ರ ಮಾರ್ಚಿಯಲ್ಲಿ ಸುಕುಮಾರ ಸೇನರು ದೇಶದ ಪ್ರಥಮ ಮುಖ್ಯ ಚುನಾವಣಾ ಆಯುಕ್ತರಾದರು. ಚುನಾವಣೆಯ ಮೇಲ್ವಿಚಾರಣೆಯು ಸರಕಾರದ ಕೈಯಲ್ಲಿರದೆ ಸ್ವತಂತ್ರವಾದ ಆಯೋಗದ ವಶದಲ್ಲಿರಬೇಕೆಂದು ಸಂವಿಧಾನದ 324ನೆಯ ವಿಧಿಯು ಗೊತ್ತುಮಾಡಿತ್ತು. 21 ವರ್ಷ ತುಂಬಿದ ಸ್ತ್ರೀಪುರುಷರೆಲ್ಲರಿಗೂ ಮತವುಂಟೆಂದು 326ನೆಯ ವಿಧಿಯು ಸಾರಿತ್ತು. ಮತದಾರರು 17 ಕೋಟಿಗೂ ಮಿಕ್ಕವರು, ಬಹುಪಾಲು ಅಕ್ಷರವರಿಯದವರು. ಅವರಿಗಾಗಿ ಅಭ್ಯರ್ಥಿಗೊಂದರಂತೆ ಪೆಟ್ಟಿಗೆಯನ್ನಿರಿಸಿ, ಅದಕ್ಕೆ ಜೋಡೆತ್ತು, ಗುಡಿಸಲು, ಮರ, ದೀಪ ಮೊದಲಾದ ಚಿಹ್ನೆಗಳನ್ನು ಅಂಟಿಸಲಾಯಿತು. ಚೀಟಿಯ ಮೇಲೆ ಏನನ್ನೂ ಬರೆಯಬೇಕಾಗಿರಲಿಲ್ಲ. ಮೆಚ್ಚಿದ ಪೆಟ್ಟಿಗೆಯೊಳಗೆ ಹಾಕಿದರಾಯಿತು. ಓದುಬಾರದವರ ತೊಡಕು ಹೀಗೆ ಹರಿಯಿತು.

ಹರಿಯದೆ ಉಳಿದುದು ಹೆಸರಿನ ತೊಡಕು. ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನ, ಮಧ್ಯಭಾರತ, ವಿಂಧ್ಯಪ್ರದೇಶಗಳಲ್ಲಿ ಅನೇಕ ಸ್ತ್ರೀಯರು ಪಟ್ಟಿ ಬರೆಯಬಂದ ಅಪರಿಚಿತನಿಗೆ ತಮ್ಮ ಹೆಸರನ್ನು ಹೇಳಲು ಒಪ್ಪಲಿಲ್ಲ. ಇಂಥವನ ತಾಯಿ, ಇಂಥವನ ಹೆಂಡತಿ ಎಂದಷ್ಟೇ ಬರೆಸಿದರು. (ನಮ್ಮ ಕಡೆ ಗಂಡನ ಹೆಸರನ್ನು ನೇರವಾಗಿ ನುಡಿಯದೆ ಒಡಪಿನಲ್ಲಿಟ್ಟು ಹೇಳುವ ಗೃಹಿಣಿಯರುಂಟು, ಅಲ್ಲಿ ಸಂಕೋಚವು ತಮ್ಮ ಹೆಸರಿಗೇ ತಟ್ಟಿತ್ತು.) ಸ್ವಂತ ಹೆಸರಿಲ್ಲದ ನಮೂದು ಪಟ್ಟಿಯಲ್ಲಿರಕೂಡದೆಂದು ಸೇನರು ಆಜ್ಞಾಪಿಸಿದರು. ತಿದ್ದಿಸಿಕೊಳ್ಳಲು ಬಿಹಾರದಲ್ಲಿ ಒಂದು ತಿಂಗಳ ವಿಶೇಷಾವಧಿ ದೊರೆಯಿತು. ಅದು ಅಲ್ಲಿ ಬಹಳಮಟ್ಟಿಗೆ ಫಲಿಸಿತು. ರಾಜಸ್ಥಾನದಲ್ಲಿ ಅವಧಿ ಕೊಟ್ಟರೂ ಅಷ್ಟಾಗಿ ಫಲಿಸಲಿಲ್ಲ. ಕಡೆಗೆ ಸುಮಾರು 8 ಕೋಟಿ ಸ್ತ್ರೀ ಮತದಾರರಲ್ಲಿ 28 ಲಕ್ಷದಷ್ಟು ಮಂದಿಯ ನಮೂದುಗಳನ್ನು ಹೊಡೆದುಹಾಕಬೇಕಾಯಿತು.

ಇದು ಅನ್ಯಾಯವೆನ್ನುವವರ ವಾದವು ಹಗುರವಾದುದಲ್ಲ. ಹೆಸರನ್ನು ಹೇಳಬಾರದೆಂದು ಬಾಲ್ಯದಿಂದ ಕಲಿಸಿದ್ದು ಮನೆ. ಕಲಿತುದನ್ನು ಪಾಲಿಸಿದ್ದಕ್ಕೆ ಹಕ್ಕನ್ನು ಕಳೆದುಕೊಂಡವಳು ಹೆಣ್ಣು. ಅಂತಹ ಮನೆಯ ಗಂಡಸು ನಿಶ್ಚಿಂತೆಯಿಂದ ಹೋಗಿ ಮತ ಹಾಕಿ ಬಂದನು. ತಪ್ಪಿತಸ್ಥನಿಗೆ ದಂಡವಿಲ್ಲ, ದಂಡವಾದವಳಲ್ಲಿ ತಪ್ಪಿಲ್ಲ.

ಆದರೆ ಹಾಗೆಯೇ ಬಿಟ್ಟಿದ್ದರೆ? ಇಂಥವನ ಹೆಂಡತಿಯೆಂದು ಬಂದು ನಿಂತವಳು ಅವಳೇ ಎಂಬುದನ್ನು ಮತಗಟ್ಟೆಯ ಅಧಿಕಾರಿಯು ಯಾವುದರಿಂದ ತಿಳಿಯಬೇಕು? ಅವಳ ಹೆಸರಿನಲ್ಲಿ ಮತ್ತೊಬ್ಬಳು ಬಂದರೆ, ಕದಿಯಲ್ಪಟ್ಟ ಮತವನ್ನು ತನ್ನದೆಂದು ಕೇಳಲು ಅವಳಿಗೆ ಹೆಸರಾದರೂ ಎಲ್ಲಿದೆ? ಇದಕ್ಕಿಂತ ದೊಡ್ಡ ಮಾತೊಂದುಂಟು. ಆ ಮತವು ಗಂಡನ ಮತದ ಬಾಲವೆಂದು ರಾಜ್ಯವೇ ಒಪ್ಪಿ ಬರೆದುಕೊಂಡಂತೆ ಆಗುತ್ತಿತ್ತು.

ಆಯ್ದಕ್ಕಿ ಲಕ್ಕಮ್ಮನ ವಚನಗಳ ಅಂಕಿತದಲ್ಲಿ ಪತಿಯಾದ ಮಾರಯ್ಯನ ಹೆಸರು ಸೇರಿಯೇ ಇದೆ. ಆ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಹಿಂದಿರುಗಿಸೆಂದು ತಿದ್ದಿದವಳೂ ಅವಳೇ. ಪತಿಯ ಹೆಸರನ್ನು ಹೊತ್ತುಕೊಂಡದ್ದರಿಂದ ಅವಳ ವಿವೇಕವು ಅವನದಾಗಲಿಲ್ಲ. ಲಕ್ಕಮ್ಮನೆಂಬ ಹೆಸರೂ ಅಳಿಯಲಿಲ್ಲ.

ಸೇನರ ನಿಯಮವು ಸರಿಯಾದುದೆಂದೇ ಹೇಳಬೇಕಾಗುತ್ತದೆ. ಆದರೆ ಅವರ ನ್ಯಾಯಬುದ್ಧಿಯನ್ನು ಹೊಡೆದುಹಾಕಿದ ಗೀಟಿನಲ್ಲಿ ಹುಡುಕುವುದಕ್ಕಿಂತ, ಕೊಟ್ಟ ಆ ಒಂದು ತಿಂಗಳಿನಲ್ಲಿ ಹುಡುಕುವುದು ಲೇಸು. ತಲೆಮಾರುಗಳಿಂದ ಬಂದ ಮೌನಕ್ಕೆ ಒಂದು ತಿಂಗಳು ಬಹು ಕಡಿಮೆಯೇ; ಚುನಾವಣೆಯನ್ನು ಅದಕ್ಕಾಗಿ ವರ್ಷಗಟ್ಟಲೆ ಮುಂದೂಡುವಂತೆಯೂ ಇರಲಿಲ್ಲ. ಉಳಿದ ಹೊಣೆಯು ಆಯೋಗದ ಕಚೇರಿಯದಲ್ಲ, ಹೊಸ್ತಿಲಿನೊಳಗಿದ್ದವರದು.

2019ರ ಮತ್ತು 2024ರ ಲೋಕಸಭಾ ಚುನಾವಣೆಗಳಲ್ಲಿ ಸ್ತ್ರೀಯರ ಮತದಾನದ ಪ್ರಮಾಣವು ಪುರುಷರದಕ್ಕಿಂತ ಕೂದಲೆಳೆಯಷ್ಟು ಮುಂದೆ ಬಂದಿದೆ. ಮತದಾರರ ಪಟ್ಟಿಯಲ್ಲಿ ವಿವಾಹಿತೆಯ ನಮೂದಿನೊಡನೆ ಗಂಡನ ಹೆಸರು ಇಂದಿಗೂ ಸಾಮಾನ್ಯವಾಗಿ ಇರುತ್ತದೆ; ಅದಕ್ಕೆ ಮೊದಲು ಇರುವುದು ಅವಳದು.