ಕಾರ್ಡು ಕೈಕೊಟ್ಟಾಗ

ಧಾರೆ ಮುಗಿದು ಮೊದಲ ಪಂಕ್ತಿ ಊಟಕ್ಕೆ ಕೂರುವ ಹೊತ್ತಿಗೆ ಕ್ಯಾಮೆರಾದಲ್ಲಿ ‘ಕಾರ್ಡ್ ಎರರ್’ ಎಂದು ಬಂದರೆ ಮದುವೆ ಫೋಟೊಗ್ರಾಫರ್ ಗಂಟಲು ಒಣಗುತ್ತದೆ. ವಧೂವರರನ್ನು ಇನ್ನೊಮ್ಮೆ ಹಸೆಮಣೆಗೆ ಕರೆಯುವಂತಿಲ್ಲ. ಆ ಗಾಬರಿಯಲ್ಲಿ ಕೈ ಸುಮ್ಮನಿರುವುದಿಲ್ಲ. ಕಾರ್ಡು ತೆಗೆದು ಮತ್ತೆ ಹಾಕಿ, ಸರಿಹೋಯಿತೇ ಎಂದು ನಾಲ್ಕು ಫೋಟೊ ಹೊಡೆದು ನೋಡುತ್ತೇವೆ. ಕಂಪ್ಯೂಟರಿಗೆ ಹಾಕಿದರೆ ಅದು ‘ಫಾರ್ಮ್ಯಾಟ್ ಮಾಡಲೇ?’ ಎಂದು ಬಹಳ ವಿನಯದಿಂದ ಕೇಳುತ್ತದೆ. ನಾವು ಹೂಂ ಎಂದುಬಿಡುತ್ತೇವೆ. ಕೆಟ್ಟ ಕಾರ್ಡಿಗಿಂತ ಈ ಆತುರಕ್ಕೇ ಹೆಚ್ಚು ಚಿತ್ರಗಳು ಬಲಿಯಾಗುತ್ತವೆ ಎಂಬುದು ನನ್ನ ಅನುಮಾನ.

ಕಾರ್ಡಿನಲ್ಲಿ ಚಿತ್ರ ಇರುವ ಜಾಗ ಬೇರೆ, ಅದರ ವಿಳಾಸ ಬರೆದಿಟ್ಟ ಜಾಗ ಬೇರೆ. 32 ಜಿಬಿವರೆಗಿನ ಕಾರ್ಡುಗಳಲ್ಲಿ ಈ ಲೆಕ್ಕವನ್ನು ಸಾಮಾನ್ಯವಾಗಿ ‘ಫ್ಯಾಟ್32’ ಕ್ರಮದಲ್ಲಿ, ಅದಕ್ಕಿಂತ ದೊಡ್ಡವುಗಳಲ್ಲಿ ‘ಎಕ್ಸ್‌ಫ್ಯಾಟ್’ ಕ್ರಮದಲ್ಲಿ ಇಡುತ್ತಾರೆ. ಡಿಲೀಟ್ ಒತ್ತಿದಾಗ ಅಳಿಯುವುದು ಲೆಕ್ಕದ ನಮೂದು ಮಾತ್ರ. ಫ್ಯಾಟ್32ರಲ್ಲಿ ಕಡತದ ಹೆಸರಿನ ಮೊದಲ ಅಕ್ಷರದ ಜಾಗಕ್ಕೆ ಒಂದು ಗುರುತು ಬೀಳುತ್ತದೆ, ಅದು ಕೂತಿದ್ದ ಜಾಗ ಖಾಲಿ ಎಂದು ದಾಖಲಾಗುತ್ತದೆ, ಅಷ್ಟೆ. ಪಹಣಿಯಲ್ಲಿ ಹೆಸರು ಹೊಡೆದುಹಾಕಿದರೂ ಹೊಲದಲ್ಲಿ ಪೈರು ನಿಂತೇ ಇರುತ್ತದಲ್ಲ, ಹಾಗೆ. ಬೇರೊಬ್ಬರು ಬಂದು ಉತ್ತು ಬಿತ್ತುವವರೆಗೂ ಅದಕ್ಕೆ ಭಯವಿಲ್ಲ. ‘ಸರಿಹೋಯಿತೇ ನೋಡೋಣ’ ಎಂದು ಹೊಡೆದ ಆ ನಾಲ್ಕು ಫೋಟೊಗಳೇ ಈ ಬಿತ್ತನೆ. ಮಾಮೂಲಿ ಫಾರ್ಮ್ಯಾಟ್ ಕೂಡ ಹೆಚ್ಚಾಗಿ ಲೆಕ್ಕದ ಪುಸ್ತಕವನ್ನಷ್ಟೇ ಹೊಸದು ಮಾಡುತ್ತದೆ. ಕೆಲವು ಕ್ಯಾಮೆರಾಗಳಲ್ಲಿರುವ ‘ಲೋ ಲೆವೆಲ್ ಫಾರ್ಮ್ಯಾಟ್’ ಮಾತ್ರ ಬೇರೆ ಜಾತಿ, ಅದಾದ ಮೇಲೆ ಆಸೆ ಬಿಡುವುದೇ ಲೇಸು.

ಹಾಗಾಗಿ ಮೊದಲು ಕಾರ್ಡನ್ನು ಹೊರತೆಗೆದು, ಅಂಚಿನಲ್ಲಿರುವ ಪುಟ್ಟ ಲಾಕ್ ಸರಿಸಿಬಿಡಿ. ಅದರ ಮೇಲೆ ಹೊಸದೇನೂ ಬರೆಯದಂತೆ ತಡೆಯಲಿಕ್ಕೇ ಅದು ಇರುವುದು. ಆಮೇಲೆ ಇನ್ನೊಂದು ಕಾರ್ಡ್ ರೀಡರಿನಲ್ಲಿ ಹಾಕಿ ನೋಡಿ. ದೋಷ ಕಾರ್ಡಿನದಲ್ಲ, ಸವೆದ ರೀಡರಿನದು ಎಂದು ತಿಳಿದು ನಗು ಬರುವುದೂ ಉಂಟು. ಕಂಪ್ಯೂಟರು ಕಾರ್ಡನ್ನು ಗುರುತಿಸಿದರೆ ರಿಪೇರಿಗೆ ಕೈಹಾಕದೆ ಇಡೀ ಕಾರ್ಡಿನ ಪಡಿಯಚ್ಚನ್ನು ತೆಗೆದುಕೊಳ್ಳಬೇಕು. ‘ಡಿಡಿರೆಸ್ಕ್ಯೂ’ ಎಂಬ ಉಚಿತ ತಂತ್ರಾಂಶ ಸಲೀಸಾಗಿ ಓದಲು ಸಿಗುವ ಭಾಗಗಳನ್ನು ಮೊದಲು ಎತ್ತಿಕೊಂಡು, ಹಟಮಾರಿ ಜಾಗಗಳಿಗೆ ಆಮೇಲೆ ಮರಳುತ್ತದೆ. ಮುಂದಿನ ಕಸರತ್ತೆಲ್ಲ ಆ ಪ್ರತಿಯ ಮೇಲೆ. ವಿಂಡೋಸಿನ ‘ಚೆಕ್‌ಡಿಸ್ಕ್’ ಅನ್ನು ಮೊದಲೇ ಓಡಿಸಬೇಡಿ. ಅದಕ್ಕೆ ಲೆಕ್ಕ ಸರಿಯಾದರೆ ಸಾಕು, ಫೋಟೊ ಉಳಿಯಬೇಕೆಂದೇನಿಲ್ಲ.

ಪ್ರತಿಯಿಂದ ಚಿತ್ರ ಹೆಕ್ಕಲು ಕ್ರಿಸ್ಟೋಫ್ ಗ್ರೆನಿಯೆ ರೂಪಿಸಿದ ‘ಫೋಟೊರೆಕ್’ ಇದೆ, ಅದೂ ಉಚಿತ. ಅದು ವಿಳಾಸದ ಪುಸ್ತಕವನ್ನು ನೆಚ್ಚಿಕೊಳ್ಳುವುದಿಲ್ಲ. ಜೆಪೆಗ್ ಚಿತ್ರ ಯಾವುದೇ ಇರಲಿ, ‘ಎಫ್‌ಎಫ್ ಡಿ8’ ಎಂಬ ಜೋಡಿ ಬೈಟುಗಳಿಂದ ಶುರುವಾಗುತ್ತದೆ. ಇಂಥ ಗುರುತುಗಳನ್ನು ಹುಡುಕುತ್ತಾ ಮೂಲೆಮೂಲೆ ಜಾಲಾಡುತ್ತದೆ. ಸಿಕ್ಕ ಚಿತ್ರಗಳ ಹೆಸರು ಹೋಗಿರುತ್ತದೆ, ಆದರೆ ತೆಗೆದ ದಿನಾಂಕ, ಗಂಟೆ ಚಿತ್ರದ ಹೊಟ್ಟೆಯಲ್ಲೇ ಇರುವುದರಿಂದ ಕಾಶಿಯಾತ್ರೆ ಯಾವುದು, ಆರತಕ್ಷತೆ ಯಾವುದು ಎಂದು ಜೋಡಿಸಿಕೊಳ್ಳಬಹುದು. ವಿಡಿಯೊ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಚೂರುಚೂರಾಗಿ ಹಲವೆಡೆ ಕೂತಿದ್ದರೆ ಚೂರುಗಳು ಸಿಕ್ಕರೂ ಓಡುವುದಿಲ್ಲ.

ಕಾರ್ಡನ್ನು ಕಂಪ್ಯೂಟರು ಗುರುತಿಸಲೇ ಇಲ್ಲವೆಂದರೆ ಒಳಗಿನ ಕಂಟ್ರೋಲರ್ ಸತ್ತಿರಬಹುದು. ಅಲ್ಲಿ ತಂತ್ರಾಂಶದ ಆಟ ನಡೆಯದು, ಪ್ರಯೋಗಾಲಯಕ್ಕೇ ಒಯ್ಯಬೇಕು, ಕೈ ಕಚ್ಚುವಷ್ಟು ದುಡ್ಡೂ ತೆರಬೇಕು. ನಕಲಿ ಕಾರ್ಡಿನ ಕಥೆ ಇನ್ನೂ ಕೆಟ್ಟದ್ದು. ಮೇಲೆ 128 ಜಿಬಿ ಎಂದಿರುತ್ತದೆ, ಒಳಗೆ 8 ಇರುತ್ತದೆ. ಎಂಟು ತುಂಬಿದ ಮೇಲೂ ಕ್ಯಾಮೆರಾ ನೆಮ್ಮದಿಯಾಗಿ ಕ್ಲಿಕ್ಕಿಸುತ್ತಿರುತ್ತದೆ, ಚಿತ್ರ ಮಾತ್ರ ಎಲ್ಲೂ ಉಳಿಯುವುದಿಲ್ಲ. ಉಳಿಯದೇ ಇದ್ದುದನ್ನು ಯಾವ ಪ್ರಯೋಗಾಲಯವೂ ತೆಗೆದುಕೊಡದು. ಕೊಂಡ ದಿನವೇ ‘ಎಚ್2ಟೆಸ್ಟ್‌ಡಬ್ಲ್ಯು’ ಅಥವಾ ‘ಎಫ್3’ ಓಡಿಸಿದರೆ ಬಣ್ಣ ಬಯಲಾಗುತ್ತದೆ; ಅವು ಕಾರ್ಡನ್ನು ತುದಿಯವರೆಗೂ ತುಂಬಿ, ತುಂಬಿದ್ದನ್ನು ಓದಿ ಪರೀಕ್ಷಿಸುತ್ತವೆ.

ಇನ್ನೊಂದು ಮಾತು. ಅಳಿಸಿದ್ದು ಉಳಿದಿರುತ್ತದೆ ಎಂಬುದು ನಮಗೆ ವರ ಆದಂತೆ ಪರರಿಗೂ ವರ. ಹಳೇ ಕ್ಯಾಮೆರಾ ಮಾರುವಾಗ ಕಾರ್ಡನ್ನೂ ಜೊತೆಗೆ ಕೊಟ್ಟರೆ ಮನೆಯ ಆಲ್ಬಮನ್ನೇ ಕೊಟ್ಟಂತೆ. ಕೊಡಲೇಬೇಕಿದ್ದರೆ ಫಾರ್ಮ್ಯಾಟ್ ಮಾಡಿ, ಅದೇ ಪರೀಕ್ಷೆಯ ತಂತ್ರಾಂಶದಿಂದ ಇಡೀ ಕಾರ್ಡಿಗೆ ಒಮ್ಮೆ ಕಸ ತುಂಬಿಸಿ ಕೊಡಿ. ರಾತ್ರಿ ಹಚ್ಚಿಟ್ಟು ಮಲಗಿದರೆ ಬೆಳಿಗ್ಗೆಗೆ ಮುಗಿದಿರುತ್ತದೆ.