ಕ್ಯಾಮೆರಾ ಚೀಲ ಮತ್ತು ಪರಿಗ್ರಹದ ಪ್ರಶ್ನೆ

ಹಿಂದಿನ ಪುಲಿಗೆರೆಯಾದ ಲಕ್ಷ್ಮೇಶ್ವರದ ಜೈನ ಪರಂಪರೆ ಎತ್ತುವ ಪ್ರಶ್ನೆಯೊಂದು, ಅಲ್ಲಿಗೆ ಹೊರಡುವ ಛಾಯಾಗ್ರಾಹಕನು ಲೆನ್ಸುಗಳನ್ನು ಚೀಲಕ್ಕೆ ತುಂಬುವಾಗಲೂ ಏಳುತ್ತದೆ: ಉಪಕರಣವು ಯಾವಾಗ ಪರಿಗ್ರಹವಾಗುತ್ತದೆ? ತತ್ತ್ವಾರ್ಥಸೂತ್ರವು ಪರಿಗ್ರಹವನ್ನು ಮೂರ್ಛೆಯಿಂದ, ಎಂದರೆ ವಸ್ತುವಿನ ಮೇಲಿನ ಮಮತೆಯಿಂದ ಗುರುತಿಸುತ್ತದೆ. ಬಟ್ಟೆಯನ್ನೂ ತೊರೆದ ದಿಗಂಬರ ಮುನಿಯು ನವಿಲುಗರಿಯ ಪಿಂಛಿಯನ್ನು ಹಿಡಿಯುವುದು ಜೀವರಕ್ಷಣೆಗಾಗಿಯಾದ್ದರಿಂದ ಅದು ದೋಷವಲ್ಲ. ಗೃಹಸ್ಥನಿಗೆ ವಿಧಿಸಿರುವುದು ಪರಿಗ್ರಹ ಪರಿಮಾಣ, ಅಂದರೆ ಮೊದಲೇ ಮಿತಿ ಹಾಕಿಕೊಳ್ಳುವ ವ್ರತ. ಆದರೆ ಆ ಮಿತಿಯನ್ನು ತೂಕದಿಂದ ಅಳೆಯಲಾಗದು. ಲಕ್ಷ್ಮೇಶ್ವರಕ್ಕೆ ಸಮೀಪದ, ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು, ಮನುಷ್ಯ ತೀರ ಸಮೀಪಿಸಿದರೆ ಕತ್ತೆತ್ತಿ ನೋಡಿ, ವಿಶ್ರಾಂತಿ ಬಿಟ್ಟು ಹಾರುತ್ತವೆ. ಅವನ್ನು ದೂರದಿಂದಲೇ ಸೆರೆಹಿಡಿಯುವ 600 ಮಿ.ಮೀ. ಲೆನ್ಸ್ ಎಷ್ಟೇ ಭಾರವಾಗಿದ್ದರೂ ಅಹಿಂಸೆಯ ಉಪಕರಣವೇ, ಪಿಂಛಿಯ ಸಾಲಿಗೇ ಸೇರತಕ್ಕದ್ದು. ಲಕ್ಷ್ಮೇಶ್ವರದ ಶಂಖ ಬಸದಿಯ ಸಹಸ್ರಕೂಟ ಜಿನಬಿಂಬದ ಪುಟ್ಟ ಮೂರ್ತಿಗಳ ಸಾಲುಗಳಿಗೆ ಸಾಧಾರಣ ಲೆನ್ಸೂ ಸ್ಟ್ಯಾಂಡೂ ಸಾಕಾಗಿರುವಾಗ, ಎಲ್ಲಿ ಬೇಕಾದೀತೋ ಎಂಬ ಅಂಜಿಕೆಯಿಂದ ಸೇರಿಸಿದ ಮತ್ತೊಂದು ಲೆನ್ಸ್, ಅಂಗೈಯಲ್ಲಿ ಅಡಗುವಷ್ಟು ಹಗುರವಾಗಿದ್ದರೂ, ಮೂರ್ಛೆಯ ಕಡೆಗೇ ಸರಿಯುತ್ತದೆ. ಬ್ಯಾಟರಿ, ಮೆಮೊರಿ ಕಾರ್ಡು, ಗಾಜು ಒರೆಸುವ ಬಟ್ಟೆಗಳ ವಿಷಯದಲ್ಲಿ ಈ ಚರ್ಚೆ ಏಳುವುದಿಲ್ಲ. ಅವಿಲ್ಲದೆ ಕೆಲಸವೇ ಸಾಗದು.