ಎದೆಯ ಮೇಲಿನ ಜಾವಾ

ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ–ಯೆಜ್ಡಿ ಪ್ರೇಮಿಗಳಿಗೆ ಹಬ್ಬ. ಅಂಥದೊಂದು ಭಾನುವಾರ ಬೆಳಿಗ್ಗೆ ಮದ್ದೂರಿನಲ್ಲಿ ವಡೆ ತಿನ್ನಲು ನಿಂತಿದ್ದೆ. 2023ರ ಆಗಸ್ಟಿನಿಂದ ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕುಗಳಿಗೆ ಪ್ರವೇಶವಿಲ್ಲ. ಕಾರಿನವರು ಮದ್ದೂರನ್ನು ಮೇಲ್ಸೇತುವೆಯಿಂದಲೇ ದಾಟಿಹೋಗುತ್ತಾರೆ. ಬೈಕಿನವರು ಮಾತ್ರ ಈಗಲೂ ಕೆಳಗಿಳಿದು ಊರಿನ ಮುಖ ನೋಡುತ್ತಾರೆ. ಹಾಗೆ ಇಳಿದ ಹತ್ತು ಹನ್ನೆರಡು ಯುವಕರ ಎದೆಯ ಮೇಲೆ ಜಾವಾ, ಬೆನ್ನ ಮೇಲೆ ಯೆಜ್ಡಿ. ಟೋಪಿಯಲ್ಲೂ ಅದೇ, ಕೀಚೈನಿನಲ್ಲೂ ಅದೇ. ಆದರೆ ಅವರಲ್ಲಿ ಅರ್ಧದಷ್ಟು ಮಂದಿ ಬಂದದ್ದು ಬೇರೆ ಕಂಪನಿಯ ಬೈಕುಗಳಲ್ಲಿ.

ನಕ್ಕು ಸುಮ್ಮನಾಗಬಹುದಿತ್ತು. ಆದರೆ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ತಾನು ದುಡಿಯದ, ತಾನು ಓಡಿಸದ, ತಾನು ಕಂಡೂ ಇರದ ಒಂದು ಕಾಲದ ಹೆಸರನ್ನು ಎದೆಯ ಮೇಲೆ ಧರಿಸುವುದು ನೆನಪೋ, ಸೋಗೋ? ತನಗೆ ದೊರೆಯದ್ದನ್ನು ದೊರೆತಿದೆಯೆಂದು ತೋರಿಸಿಕೊಳ್ಳುವವನನ್ನು ಪ್ರವಾದಿ(ಸ) ಸುಳ್ಳಿನ ಜೋಡಿ ಉಡುಪು ತೊಟ್ಟವನಿಗೆ ಹೋಲಿಸಿದ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಅಲ್ಲಿ ಉಡುಪು ಬರೀ ಉಪಮೆ. ಮದ್ದೂರಿನಲ್ಲಿ ಅದು ನಿಜವಾದ ಉಡುಪೇ ಆಗಿತ್ತು.

ಈ ಹೆಸರಿನ ಹಿಂದಿರುವ ಕತೆ ಸಣ್ಣದಲ್ಲ. 1929ರಲ್ಲಿ ಚೆಕೊಸ್ಲೊವಾಕಿಯದ ಯಾನೆಚೆಕ್ ಎಂಬಾತ ವಾಂಡರರ್ ಎಂಬ ಜರ್ಮನ್ ಕಂಪನಿಯ ಮೋಟಾರ್ ಸೈಕಲನ್ನು ತಯಾರಿಸಲು ಹೊರಟಾಗ ಎರಡು ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ ಜಾವಾ ಮಾಡಿದ. ಅಂದರೆ ಹುಟ್ಟಿನಲ್ಲೇ ಅದು ಪಾಲುದಾರಿಕೆಯ ಹೆಸರು. ಅದನ್ನು ಮೈಸೂರಿಗೆ ತಂದವರು ಪಾರ್ಸಿ ಇರಾನಿ ಕುಟುಂಬದವರು. 1961ರಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು. ಎಪ್ಪತ್ತರ ದಶಕದಲ್ಲಿ ಜಾವಾ ಯೆಜ್ಡಿಯಾಯಿತು. ಆ ಹೆಸರು ಇರಾನಿನ ಯಜ್ದ್ ಪಟ್ಟಣದಿಂದ ಬಂದದ್ದೆನ್ನುತ್ತಾರೆ. ಇರಾನಿನ ಊರೊಂದರ ಹೆಸರನ್ನು ಟ್ಯಾಂಕಿನ ಮೇಲೆ ಹೊತ್ತು, ಹಿಂದೆ ಹಾಲಿನ ಕ್ಯಾನ್ ಕಟ್ಟಿಕೊಂಡು, ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ಸಾಗಿದ ಮಂಡ್ಯದ ಗೌಡರು ಯಾರೂ ಅದನ್ನು ಪರದೇಶಿ ಎನ್ನಲಿಲ್ಲ. ಅದು ‘ನಮ್ಮ ಮೈಸೂರು ಗಾಡಿ’ಯೇ ಆಗಿತ್ತು. ಪೆಟ್ರೋಲಿಗೆ ಅಳತೆ ಮಾಡಿ ಆಯಿಲ್ ಬೆರೆಸಬೇಕು. ಕಿಕ್ಕರನ್ನೇ ಮುಂದಕ್ಕೆ ಮಡಚಿದರೆ ಗೇರು. ಈ ಎರಡನ್ನು ಕಲಿತವನಿಗೆ ಊರಿನಲ್ಲಿ ಒಂದು ಮರ್ಯಾದೆ.

1996ರಲ್ಲಿ ಕಾರ್ಖಾನೆ ಮುಚ್ಚಿತು. ಬಿಡಿಭಾಗಗಳು ಸಿಗದ ಆ ಕಾಲದಲ್ಲಿ ಗುಜರಿಯಿಂದ ಗುಜರಿಗೆ ಅಲೆದು ಹಳೆಯ ಗಾಡಿಗಳನ್ನು ಉಳಿಸಿಕೊಂಡವರು ಸವಾರರು ಮತ್ತು ಮೆಕ್ಯಾನಿಕ್‌ಗಳು. ಅವರು ಆ ಹೆಸರಿನ ಅಂಗಿ ತೊಟ್ಟರೆ ಯಾರೂ ಚಕಾರ ಎತ್ತಲಾರರು. ಆದರೆ 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೊಸ ಕಂಪನಿಯ ಮೂಲಕ ಮರಳಿ ಬಂದವು. ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಮೈಸೂರಿಗೆ ಮರಳಿದ್ದು ಹೆಸರು ಮಾತ್ರ. ಆ ಹೆಸರು ಯಾರದೆಂಬ ವ್ಯಾಜ್ಯವೂ ಹೈಕೋರ್ಟಿನಲ್ಲಿ ನಡೆಯಿತು. ಯೆಜ್ಡಿ ಹೆಸರು ಮುಚ್ಚಿಹೋದ ಕಂಪನಿಯ ಸೊತ್ತೆಂದು 2022ರ ಡಿಸೆಂಬರಿನಲ್ಲಿ ಏಕಸದಸ್ಯ ಪೀಠ ಹೇಳಿತು. 2025ರಲ್ಲಿ ವಿಭಾಗೀಯ ಪೀಠ ಆ ತೀರ್ಪನ್ನು ತಳ್ಳಿಹಾಕಿತು. ಕಾನೂನಿನ ಉತ್ತರ ಅದು. ಆದರೆ ಹೆಸರಿಗೆ ಬೆಲೆ ಬಂದದ್ದು ಹೇಗೆ? ಮೂರೂವರೆ ದಶಕ ಅಲ್ಲಿ ಬೆವರು ಸುರಿಸಿದ ಕಾರ್ಮಿಕನ ಪಾಲು ಅದರಲ್ಲಿ ಎಷ್ಟು? ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಬೋಧನೆಯನ್ನು ನಂಬಿದವರಿಗೆ ಈ ಪ್ರಶ್ನೆ ತೀರ್ಪಿನೊಂದಿಗೆ ಮುಗಿಯುವುದಿಲ್ಲ.

ಅಂಗಿಗೂ ಒಂದು ಬೆವರಿದೆ ಎಂಬುದನ್ನು ನಾವು ಮರೆಯುತ್ತೇವೆ. ಮದ್ದೂರು, ಗೆಜ್ಜಲಗೆರೆ ಸುತ್ತಿನ ಹಳ್ಳಿಗಳ ಹೆಂಗಸರು ಮುಂಜಾನೆ ವ್ಯಾನುಗಳಲ್ಲಿ ಕಿಕ್ಕಿರಿದು ಗಾರ್ಮೆಂಟ್ಸಿಗೆ ಹೋಗುತ್ತಾರೆ. 2020ರ ಜೂನಿನಲ್ಲಿ ಶ್ರೀರಂಗಪಟ್ಟಣದ ಗಾರ್ಮೆಂಟ್ಸ್ ಕಾರ್ಖಾನೆಯೊಂದು ಬಾಗಿಲು ಹಾಕಿದಾಗ ಸಾವಿರಕ್ಕೂ ಹೆಚ್ಚು ಕಾರ್ಮಿಕರು ದಿನಗಟ್ಟಲೆ ಗೇಟಿನ ಮುಂದೆ ಕುಳಿತಿದ್ದರು. ಹೆಚ್ಚಿನವರು ಹೆಂಗಸರು. ಅವರು ಹೊಲಿದ ಬಟ್ಟೆಗಳ ಮೇಲೆ ಯಾರ ಯಾರದೋ ಹೆಸರುಗಳಿದ್ದವು, ಅವರದೊಂದು ಬಿಟ್ಟು.

ಇಷ್ಟಾದರೂ ಆ ಯುವಕರನ್ನು ಸುಳ್ಳಿನ ಉಡುಪಿನವರೆಂದು ತೀರ್ಮಾನಿಸಲು ನನ್ನ ಮನಸ್ಸು ಒಪ್ಪುತ್ತಿಲ್ಲ. ಇದೇ ಮಂಡ್ಯದಲ್ಲಿ 2022ರ ಫೆಬ್ರವರಿಯಲ್ಲಿ ಸ್ಕೂಟರಿನಲ್ಲಿ ಕಾಲೇಜಿಗೆ ಬಂದ ಬುರ್ಖಾ ತೊಟ್ಟ ಹುಡುಗಿಯೊಬ್ಬಳನ್ನು ಕೇಸರಿ ಶಾಲಿನ ಗುಂಪು ಘೋಷಣೆ ಕೂಗುತ್ತಾ ಬೆನ್ನಟ್ಟಿದ್ದನ್ನು ನಾಡೇ ನೋಡಿತು. ಬಟ್ಟೆಯನ್ನು ಕಂಡೊಡನೆ ಎದುರಿನವನು ನಮ್ಮವನೋ ಬೇರೆಯವನೋ ಎಂದು ಅಳೆಯುವ ಕಾಲವಿದು. ಅಂಥದರಲ್ಲಿ ಹಿಂದೂ, ಮುಸ್ಲಿಮ್, ಕ್ರೈಸ್ತ ಹುಡುಗರು ಒಂದೇ ಅಂಗಿ ತೊಟ್ಟು ಒಂದೇ ಮೇಜಿನಲ್ಲಿ ವಡೆ ಮುರಿಯುವುದು ಸೋಗೇ ಆಗಿದ್ದರೂ, ಅಂಥ ಸೋಗು ಇನ್ನಷ್ಟು ಇರಲಿ ಎನಿಸಿತು. ಈ ಮಾತಿಗೂ ಹದೀಸಿಗೂ ನಡುವಿನ ತಕರಾರು ನನ್ನಲ್ಲಿ ಇನ್ನೂ ತೀರಿಲ್ಲ.

ಮಳವಳ್ಳಿಯಲ್ಲಿ ನನಗೆ ಪರಿಚಯದ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದಾರೆ. ಎಲ್ಲರ ಬಾಯಲ್ಲಿ ಅವರು ‘ಜಾವಾ ಸಾಬ್ರು’. ಅವರ ಅಂಗಿಯ ಮೇಲೆ ಗ್ರೀಸಿನ ಕಲೆಗಳನ್ನು ಬಿಟ್ಟರೆ ಯಾವ ಹೆಸರೂ ಇಲ್ಲ. ಮದ್ದೂರಿನ ಸಂಗತಿ ಹೇಳಿದೆ.

‘ಅಂಗಿ ಮ್ಯಾಲೆ ಹೆಸ್ರು ಬರ್ಸ್ಕಂಡ್ರೆ ಗಾಡಿ ಸ್ಟಾರ್ಟ್ ಆಯ್ತದಾ ಸ್ವಾಮಿ?’ ಎಂದು ನಕ್ಕರು. ಮತ್ತೆ ತಾವೇ, ‘ಹಾಕ್ಕಳ್ಳಿ ಬುಡಿ, ಹೈಕ್ಳು. ಹೆಸ್ರಾದ್ರೂ ಉಳೀತದೆ’ ಎಂದರು.

ಎದ್ದುಹೋಗಿ ಸ್ಪ್ಯಾನರುಗಳ ಡಬ್ಬಿಯ ಪಕ್ಕದಿಂದ ಪ್ಲಾಸ್ಟಿಕ್ ಕವರೊಂದನ್ನು ತಂದರು. ಬೆಂಗಳೂರಿನ ಸವಾರರು ಕೊಟ್ಟುಹೋದ ಟೀ ಶರ್ಟು. ಮಡಿಕೆ ಬಿಚ್ಚಿರಲಿಲ್ಲ. ‘ಹಾಕ್ಕಂಡ್ರೆ ಗ್ರೀಸಾಯ್ತದೆ’ ಎಂದರು. ಹೆಸರಿನ ಕೆಳಗೆ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ಏನದು ಎಂದು ಕೇಳಿದರು.

‘ನಮ್ಮ ಪರಂಪರೆ ಅಂತ ಬರೆದಿದೆ.’

‘ನಮ್ದು ಅಂದ್ರೆ, ಯಾರ್ದು?’

ನಾನು ಉತ್ತರ ಹುಡುಕುತ್ತಿರುವಾಗಲೇ ಯಾರೋ ಗಾಡಿ ತಳ್ಳಿಕೊಂಡು ಬಂದರು. ಅವರು ಶರ್ಟನ್ನು ಕವರಿಗೆ ಸೇರಿಸಿ, ಗಾಡಿಯ ಪ್ಲಗ್ ಬಿಚ್ಚಲು ಕುಳಿತರು.